ನೇಕಾರನ ಕೊನೆಯ ಬಟ್ಟೆ

ಪ್ಲೇಟೋನ ‘ಫೀಡೋ’ ಸಂವಾದವನ್ನು ಆತ್ಮದ ಅಮರತ್ವದ ಸಾಬೀತು ಎಂದೇ ಓದುವುದು ರೂಢಿ. ಆದರೆ ಈ ಕೃತಿಯ ಬಲ ಇರುವುದು ವಾದ ಗೆಲ್ಲುವ ಕಡೆಯಲ್ಲಲ್ಲ, ಅದು ಮುಗ್ಗರಿಸುವ ಕಡೆಗಳಲ್ಲಿ.

ಕ್ರಿ.ಪೂ. 399, ಅಥೆನ್ಸ್‌ನ ಸೆರೆಮನೆ. ಸಂಜೆಯ ಹೊತ್ತಿಗೆ ಸಾಕ್ರಟೀಸ್ ವಿಷ ಕುಡಿಯಬೇಕು. ಎಪ್ಪತ್ತರ ಈ ಮುದುಕ ಗೆಳೆಯರ ನಡುವೆ ಕುಳಿತು, ದೇಹ ಅಳಿದರೂ ಆತ್ಮ ಅಳಿಯದೆಂದು ಒಂದರ ಹಿಂದೊಂದು ತರ್ಕ ಹೂಡುತ್ತಾನೆ. ಸತ್ತದ್ದರಿಂದಲೇ ಬದುಕಿರುವುದು ಹುಟ್ಟುತ್ತದೆ, ಕಲಿಕೆಯೆಲ್ಲ ಹಳೆಯದರ ನೆನಪು ಎಂಬಂಥ ಮಾತುಗಳು ಇಂದಿನ ಓದುಗನನ್ನು ಅಷ್ಟಾಗಿ ತಟ್ಟಲಾರವು. ತಟ್ಟುವುದು ಥೀಬ್ಸ್‌ನ ಸೀಬೆಸ್ ಎತ್ತುವ ಆಕ್ಷೇಪ. ಒಬ್ಬ ಮುದಿ ನೇಕಾರ ತಾನೇ ನೇಯ್ದ ಎಷ್ಟೋ ಬಟ್ಟೆಗಳನ್ನು ಉಟ್ಟು ಹರಿದಿದ್ದಾನೆ. ಅವೆಲ್ಲಕ್ಕಿಂತ ಹೆಚ್ಚು ಬಾಳಿದ್ದಾನೆ. ಆದರೂ ಕೊನೆಯ ಬಟ್ಟೆ ಹರಿಯುವ ಮೊದಲೇ ಅವನು ಸಾಯುತ್ತಾನೆ. ಆತ್ಮ ಹಲವು ದೇಹಗಳನ್ನು ದಾಟಿ ಬಂದಿದೆ ಎಂದೇ ಇಟ್ಟುಕೊಳ್ಳೋಣ. ಈ ದೇಹವೇ ಅದರ ಕೊನೆಯ ಬಟ್ಟೆ ಆಗಿರಬಾರದೇಕೆ?

ಕೇಳುಗರು ಕಂಗಾಲಾಗುತ್ತಾರೆ. ಆಗ ಸಾಕ್ರಟೀಸ್ ಫೀಡೋನ ನೀಳಗೂದಲನ್ನು ನೇವರಿಸುತ್ತಾನೆ. ಗ್ರೀಕರಲ್ಲಿ ಸೂತಕಕ್ಕೆ ಕೂದಲು ಕತ್ತರಿಸುವ ವಾಡಿಕೆಯಿತ್ತು. ನನಗಾಗಿ ನಾಳೆ ಕತ್ತರಿಸುವುದಿರಲಿ, ನಮ್ಮ ವಾದ ಸತ್ತರೆ ಇಬ್ಬರೂ ಇಂದೇ ಕತ್ತರಿಸಿಕೊಳ್ಳೋಣ ಎಂಬರ್ಥದ ಮಾತಾಡುತ್ತಾನೆ. ತನ್ನ ಸಾವಿಗಿಂತ ವಾದದ ಸಾವೇ ದೊಡ್ಡದೆನ್ನುವ ಈ ನಿಲುವಿನಲ್ಲಿ ತತ್ವಜ್ಞಾನಿಯ ಹಿರಿಮೆಯೂ ಇದೆ, ಒಂದು ಬಗೆಯ ಕುರುಡೂ ಇದೆ.

ಸೀಬೆಸ್‌ಗೆ ಆತ ಕೊಡುವ ಉತ್ತರ ಹಿಮದ ಹೋಲಿಕೆಯನ್ನು ಆಶ್ರಯಿಸಿದೆ. ಹಿಮ ಬಿಸಿಯನ್ನು ಒಳಗೊಳ್ಳದು. ಬಿಸಿ ಬಂದರೆ ಒಂದೋ ಸರಿದುಹೋಗಬೇಕು, ಇಲ್ಲವೇ ಇಲ್ಲವಾಗಬೇಕು. ಜೀವ ತರುವ ಆತ್ಮವೂ ಸಾವನ್ನು ಒಳಗೊಳ್ಳದು, ಆದ್ದರಿಂದ ಅದು ಸರಿದುಹೋಗುತ್ತದೆ. ಹಿಮದಂತೆ ಕರಗಿಬಿಡಬಾರದೇಕೆ? ಅಮರವಾದದ್ದೇ ನಾಶವಾದರೆ ಇನ್ನಾವುದು ಉಳಿದೀತು ಎಂಬಷ್ಟರಲ್ಲೇ ಪ್ರಶ್ನೆ ಮುಗಿಯುತ್ತದೆ. ಇದು ತೀರಾ ತೆಳು. ಪ್ಲೇಟೋಗೂ ಅದು ಗೊತ್ತಿದ್ದಂತಿದೆ. ಸಿಮಿಯಾಸ್ ತನಗಿನ್ನೂ ಅಳುಕಿದೆ ಎನ್ನುತ್ತಾನೆ. ಮೂಲ ಗೃಹೀತಗಳನ್ನು ಮತ್ತೆ ಪರಿಶೀಲಿಸಬೇಕೆಂದು ಸಾಕ್ರಟೀಸನೇ ಒಪ್ಪುತ್ತಾನೆ.

ಇದೇ ಸಿಮಿಯಾಸ್ ಮೊದಲೊಮ್ಮೆ, ದೈವವಾಕ್ಯವೆಂಬ ಗಟ್ಟಿ ಹಡಗು ಸಿಗದವನು ಮನುಷ್ಯತರ್ಕದ ತೆಪ್ಪದಲ್ಲೇ ಅಪಾಯ ಎದುರಿಸಿ ಸಾಗಬೇಕೆಂದಿದ್ದ. ಸುಮಾರು ಒಂದೂವರೆ ಸಾವಿರ ವರ್ಷಗಳ ಬಳಿಕ ಇಮಾಂ ಗಝಾಲಿ ‘ತಹಾಫುತುಲ್ ಫಲಾಸಿಫಾ’ದಲ್ಲಿ ಮುಟ್ಟಿದ್ದು ಇದೇ ತೆಪ್ಪದ ಬಿರುಕನ್ನು. ಆತ್ಮ ಉಳಿಯುತ್ತದೆ ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಅದನ್ನು ಬುದ್ಧಿಯೊಂದರಿಂದಲೇ ಸಾಧಿಸಬಲ್ಲೆವೆಂಬ ತತ್ವಜ್ಞಾನಿಗಳ ಗರ್ವ ಅವರಿಗೆ ಹಿಡಿಸಲಿಲ್ಲ. ಗಝಾಲಿಯವರನ್ನು ತರ್ಕದ ವೈರಿ ಎಂದು ಬದಿಗಿಡುವವರು ಈ ಪುಟಗಳನ್ನು ಓದಿರಲಾರರು. ಅಲ್ಲಿ ಅವರು ತರ್ಕವನ್ನು ತರ್ಕದಿಂದಲೇ ಅಳೆಯುತ್ತಾರೆ.

ಕ್ರಿಟೋ ಮಾತ್ರ ಇದಾವುದರ ಗೋಜಿಗೂ ಹೋಗುವುದಿಲ್ಲ. ನಿನ್ನನ್ನು ಹೇಗೆ ಹೂಳೋಣ ಎಂದು ಕೇಳುತ್ತಾನೆ. ಹೆಣವನ್ನೇ ನಾನೆಂದು ತಿಳಿದಿದ್ದಾನಲ್ಲ ಎಂದು ಸಾಕ್ರಟೀಸ್ ನಗುತ್ತಾನೆ. ನನಗೆ ಕ್ರಿಟೋ ಅಷ್ಟೇನೂ ದಡ್ಡನಾಗಿ ಕಾಣುವುದಿಲ್ಲ. ಆತ್ಮವೆಂಬುದೊಂದು ಉಳಿದೀತು, ಆದರೆ ಕೂದಲು ನೇವರಿಸಿದ ಕೈ, ಈ ನಗು, ಈ ಕೀಟಲೆ ಉಳಿಯುತ್ತವೆಂದು ಯಾವ ವಾದವೂ ಹೇಳಿರಲಿಲ್ಲ. ಅವನು ಕಳೆದುಕೊಳ್ಳುತ್ತಿದ್ದುದು ಅದನ್ನೇ. ವಿಷ ಏರಿ ದೇಹ ತಣ್ಣಗಾದ ಮೇಲೆ ಸಾಕ್ರಟೀಸನ ಬಾಯಿ, ಕಣ್ಣು ಮುಚ್ಚಿದವನೂ ಕ್ರಿಟೋನೇ.