ಮತವೇನು ಅಕ್ಷರ ಕಲಿತದ್ದಕ್ಕೆ ಕೊಡುವ ಇನಾಮೆ?

ಸಂವಿಧಾನದ 61ನೇ ತಿದ್ದುಪಡಿಯನ್ನು ಎಲ್ಲರೂ ಹೊಗಳಿದ್ದಾರೆ. 1988ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಒಪ್ಪಿ, 1989ರ ಮಾರ್ಚ್ 28ರಂದು ಜಾರಿಗೆ ಬಂದ ಈ ತಿದ್ದುಪಡಿ, 326ನೇ ವಿಧಿಯಲ್ಲಿದ್ದ 21 ವರ್ಷವನ್ನು 18ಕ್ಕೆ ಇಳಿಸಿತು. ಇಳಿಸಿದ್ದು ಒಳ್ಳೆಯದೇ. ಆದರೆ ಅದರ ಬೆನ್ನಿಗಿದ್ದ 'ಉದ್ದೇಶ ಮತ್ತು ಕಾರಣಗಳ ಹೇಳಿಕೆ'ಯನ್ನು ನಾವು ಎಷ್ಟು ಜನ ಓದಿದ್ದೇವೆ? ಕವಿತೆ ಓದುವ ಹಾಗೆ ಪದ ಪದ ಬಿಡಿಸಿ ಅದನ್ನು ಓದಬೇಕು. ಕಾರಣ ಹೇಳುವಾಗಲೇ ವ್ಯವಸ್ಥೆ ತನ್ನ ಮನಸ್ಸನ್ನು ಬಿಟ್ಟುಕೊಡುವುದು.

ಇಂದಿನ ಯುವಕರು ಅಕ್ಷರಸ್ಥರು, ತಿಳಿದವರು, ರಾಜಕೀಯ ಪ್ರಜ್ಞೆ ಉಳ್ಳವರು. ಆದ್ದರಿಂದ ಅವರಿಗೆ ಮತ ಕೊಡಬೇಕು. ಇದು ಆ ಹೇಳಿಕೆಯ ಸಾರ. ಕೇಳಲು ಚೆಂದ. ಅಂಕೋಲಾ ತಾಲೂಕಿನ ಶೆಟಗೇರಿಯಲ್ಲಿ ಕೂತು ಓದಿದರೆ ಮಾತ್ರ ಈ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಕ್ಷರಸ್ಥರು ಅಂದರೆ ಯಾರು? 1991ರ ಜನಗಣತಿಯಲ್ಲಿ ದೇಶದ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 23.76. ಹಾಗಾದರೆ ಉಳಿದ ಎಪ್ಪತ್ತಾರು ಮಂದಿಗೆ ಮತ ಬಂದದ್ದು ಯಾವ ಲೆಕ್ಕದಲ್ಲಿ? ಭಿಕ್ಷೆಯ ಲೆಕ್ಕದಲ್ಲೆ?

ಇದೇ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಓದು ಬರಹ ಕಲಿತವರಲ್ಲ. ಆದರೆ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದರು. ಹೊನ್ನಳ್ಳಿಯ ತುಳಸಿ ಗೌಡರು ಸಾಲೆಯ ಮೆಟ್ಟಿಲು ಹತ್ತಲಿಲ್ಲ. ಕಾಡಿನ ಒಂದೊಂದು ಮರದ ಬೀಜವನ್ನೂ ಬಲ್ಲವರಾಗಿದ್ದರು. ಒಬ್ಬರಿಗೆ 2017ರಲ್ಲಿ, ಇನ್ನೊಬ್ಬರಿಗೆ 2020ರಲ್ಲಿ ಪದ್ಮಶ್ರೀ ಕೊಟ್ಟ ಇದೇ ಸರ್ಕಾರದ ಪುಸ್ತಕದಲ್ಲಿ 'ತಿಳಿದವರು' ಅನ್ನುವುದಕ್ಕೆ ಅಕ್ಷರವೇ ಜೋಡಿ ಪದ!

ಈ ಜೋಡಿ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಮತ ಸಿಗುತ್ತಿದ್ದದ್ದು ಆಸ್ತಿ ಇದ್ದವನಿಗೆ, ತೆರಿಗೆ ಕಟ್ಟಿದವನಿಗೆ, ಓದಿದವನಿಗೆ. ನಮ್ಮ ಈ ಕರಾವಳಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದ ಆಡಳಿತದ ಬಗ್ಗೆ 1929ರ ಮೇ ತಿಂಗಳಲ್ಲಿ ಬಾಬಾಸಾಹೇಬರು ತಮ್ಮದೇ ಪ್ರತ್ಯೇಕ ವರದಿ ಕೊಟ್ಟರು. ಅದರಲ್ಲಿ ಗಂಡು ಹೆಣ್ಣೆನ್ನದೆ ವಯಸ್ಕರೆಲ್ಲರಿಗೂ ಮತ ಬೇಕೆಂದರು. ಕೂಡಿ ಬಾಳುವ ಬದುಕಿನ ಕರಾರುಗಳನ್ನು ತೀರ್ಮಾನಿಸುವ ಹಕ್ಕೇ ಮತ ಎಂಬುದು ಅವರ ವಾದ. ಅಕ್ಷರ ಬಾರದವನೂ ಆ ಬದುಕನ್ನೇ ಬಾಳುತ್ತಾನಲ್ಲ! ಉಪ್ಪಿನಾಗರದಲ್ಲಿ ಕಾಲು ಸುಟ್ಟುಕೊಳ್ಳುವವನಿಗೆ ಉಪ್ಪಿನ ಕಾನೂನಿನ ಬಗ್ಗೆ ಮಾತಾಡಲು ಮುಲ್ಕಿ ಪಾಸಾಗಬೇಕಿಲ್ಲ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನು ಮತಪೆಟ್ಟಿಗೆಯಿಂದ ದೂರ ಇಟ್ಟದ್ದು ಈ ಓದು ಬರಹದ ಪರೀಕ್ಷೆಯೇ. 1965ರ ಕಾನೂನು ಅದರ ಹಲ್ಲು ಕಿತ್ತಿತು. ಬ್ರೆಜಿಲ್ ದೇಶದಲ್ಲಿ ಅನಕ್ಷರಸ್ಥರಿಗೆ 1985ರಲ್ಲಿ ಮತ ಬಂತು. ಮೂರೇ ವರ್ಷದಲ್ಲಿ, 1988ರ ಸಂವಿಧಾನದಲ್ಲಿ, 16 ತುಂಬಿದವರಿಗೂ ಬಂತು. ಅಕ್ಷರದ ಬೇಲಿ ಕಿತ್ತ ಕೈಯೇ ವಯಸ್ಸಿನ ಬೇಲಿಯನ್ನೂ ಸಡಿಲಿಸಿತು.

ನಮ್ಮಲ್ಲಿ ಅಕ್ಷರದ ಬೇಲಿ ಪೂರ್ತಿ ಬಿದ್ದಿದೆಯೆ? ವಿಧಾನ ಪರಿಷತ್ತನ್ನು ನೋಡಿ. ಏಳು ಸ್ಥಾನ ಪದವೀಧರರ ಮತಕ್ಕೆ, ಏಳು ಶಿಕ್ಷಕರ ಮತಕ್ಕೆ. ಮನೆಯಲ್ಲಿ ಮೊದಲು ಡಿಗ್ರಿ ಪಡೆದವರು ನಾವು. ಡಿಗ್ರಿಯಾಗಿ ಮೂರು ವರ್ಷ ಕಳೆದರೆ ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ ನಮಗೆ ಇನ್ನೊಂದು ಓಟು. ಗದ್ದೆ ನಟ್ಟು ಫೀಸು ಕಟ್ಟಿದ ಅವ್ವನಿಗೆ ಒಂದು, ಅವಳ ದುಡಿಮೆಯಲ್ಲಿ ಓದಿದ ನಮಗೆ ಎರಡು! ಶಿಕ್ಷಕರ ಕ್ಷೇತ್ರದಲ್ಲಿಯೂ ಹೈಸ್ಕೂಲಿನಿಂದ ಮೇಲಿನವರಿಗಷ್ಟೇ ಮತ. ಕೇರಿಯ ಮಗುವಿಗೆ ಕೈ ಹಿಡಿದು 'ಅ' ಬರೆಸಿದ ಪ್ರಾಥಮಿಕ ಸಾಲೆಯ ಮಾಸ್ತರಿಗೆ, ಅಕ್ಕೋರಿಗೆ ಇಲ್ಲ. ಇದು ವರ್ಣಾಶ್ರಮವಲ್ಲದೆ ಇನ್ನೇನು?

ಇನ್ನು ವಯಸ್ಸು. ನಮ್ಮ ಕೇರಿಗಳಲ್ಲಿ ಎಷ್ಟೋ ಮಂದಿಯ ಹುಟ್ಟಿದ ದಿನ ಜೂನ್ 1. ತಾಯಿ ಹೆತ್ತ ದಿನವಲ್ಲ ಅದು, ಹೆಡ್‌ಮಾಸ್ತರು ರಿಜಿಸ್ಟರಿನಲ್ಲಿ ಹೆತ್ತ ದಿನ. ಮತದಾರರ ಪಟ್ಟಿಗೆ ಜನವರಿ 1 ಒಂದೇ ಅರ್ಹತಾ ದಿನವಾಗಿದ್ದಷ್ಟು ಕಾಲ ಈ ಜೂನ್ 1ರ ಮಕ್ಕಳು 18 ತುಂಬಿಯೂ ಏಳು ತಿಂಗಳು ಕಾಯಬೇಕಿತ್ತು. 2022ರ ಆಗಸ್ಟಿನಿಂದ ವರ್ಷಕ್ಕೆ ನಾಲ್ಕು ದಿನಗಳಾಗಿವೆ. ಕಾಯುವುದು ಒಂದು ತಿಂಗಳಿಗೆ ಇಳಿದಿದೆ. 2025ರಲ್ಲಿ ಬಿಹಾರದ ಪಟ್ಟಿ ಪರಿಷ್ಕರಣೆಗೆ ಮೊದಲು ಕೇಳಿದ 11 ದಾಖಲೆಗಳಲ್ಲಿ ಮೆಟ್ರಿಕ್ ಸರ್ಟಿಫಿಕೇಟೂ ಒಂದು. ಓದಿದವನ ಕೈಯಲ್ಲಿ ಆ ಕಾಗದ ಸಿದ್ಧವಾಗಿರುತ್ತದೆ; ಸಾಲೆ ಕಾಣದವನು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಮುಂಬಾಗಿಲಲ್ಲಿ ಹೊರಹಾಕಿದ ಅಕ್ಷರದ ಷರತ್ತು ಹಿತ್ತಿಲಿನಿಂದ ಒಳಗೆ ಬರುವುದು ಹೀಗೆ.

ಹಾಗಾದರೆ ವಯಸ್ಸು ಎಷ್ಟಿರಬೇಕು? ಅಕ್ಷರವನ್ನು ಬಿಟ್ಟು ಹೊರೆಯನ್ನು ಅಳತೆಗೋಲು ಮಾಡಿ ಎನ್ನುತ್ತೇವೆ ನಾವು. 14 ತುಂಬಿದ ಹುಡುಗನನ್ನು ಅಪಾಯವಿಲ್ಲದ ಕೆಲಸಕ್ಕೆ ಹಚ್ಚಬಹುದು ಎನ್ನುತ್ತದೆ ಕಾನೂನು. ಘೋರ ಅಪರಾಧದ ಆರೋಪ ಬಂದರೆ, 16 ತುಂಬಿದವನನ್ನು ಮಂಡಳಿ ಪರಿಶೀಲಿಸಿ ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ದುಡಿಯಲು ಬೆಳೆದಿದ್ದಾನೆ, ಕಟಕಟೆಗೆ ಬೆಳೆದಿದ್ದಾನೆ, ಮತಕ್ಕೆ ಮಾತ್ರ ಎಳೆಗೂಸು! 16ಕ್ಕೆ ಮತ ಕೊಡಿ. ಆಸ್ಟ್ರಿಯಾ 2007ರಲ್ಲೇ ಕೊಟ್ಟಿದೆ.

ನಮ್ಮ ಗೆಳೆಯರೇ ಕೆಲವರು ತಲೆ ಅಲ್ಲಾಡಿಸುತ್ತಾರೆ: 'ಹದಿನಾರರ ಹುಡುಗರು ನೋಟಿಗೆ, ಬಾಟಲಿಗೆ ಓಟು ಮಾರಿಕೊಳ್ತಾರೆ, ಒಡೆಯ ಹೇಳಿದಲ್ಲಿ ಒತ್ತುತಾರೆ.' ಗೆಳೆಯರೆ, ಈ ಮಾತು ಎಲ್ಲೋ ಕೇಳಿದಂತಿಲ್ಲವೆ? ನಮ್ಮ ಅಜ್ಜನ ಬಗ್ಗೆ, ಅವ್ವನ ಬಗ್ಗೆ ಮೇಲ್ಜಾತಿಯ ಜಗಲಿಗಳಲ್ಲಿ ಆಡಿದ ಮಾತಿದು. ಅದನ್ನು ನಮ್ಮ ಬಾಯಿಂದ ನಮ್ಮ ತಮ್ಮ ತಂಗಿಯರ ಮೇಲೆ ಉಗುಳುವುದು ಬೇಡ. ಮಾರುವವನನ್ನು ಬೈಯುವ ಮೊದಲು ಕೊಳ್ಳುವವನ ಕೈ ಹಿಡಿಯೋಣ.

ಊರೂರಿನ ಮಾಸ್ತರು, ಅಕ್ಕೋರುಗಳಿಗೆ ಒಂದು ಮಾತು. ಹುಟ್ಟಿದ ದಿನ ಬರೆಯುವ ಪೆನ್ನು ನಿಮ್ಮದು. ಬೂತ್ ಮಟ್ಟದ ಅಧಿಕಾರಿಗಳಾಗಿ ಮತಪಟ್ಟಿ ಹಿಡಿದು ಮನೆಮನೆ ತಿರುಗುವವರೂ ನಿಮ್ಮಲ್ಲೇ ಎಷ್ಟೋ ಮಂದಿ. 17 ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದು ಎಂಬ ನಿಯಮ ಈಗ ಇದೆ. ಕೇರಿಗೆ ಹೋಗಿ ಆ ಫಾರ್ಮು ತುಂಬಿಸಿ, ಸಾಲೆ ಬಿಟ್ಟ ಹುಡುಗಿಯದನ್ನು ಮೊದಲು. ಹದಿನಾರರ ಹೋರಾಟ ದೊಡ್ಡದು, ಅದು ನಡೆಯುತ್ತಿರಲಿ. ಹದಿನೆಂಟು ತುಂಬಿದ ಒಬ್ಬಳ ಹೆಸರೂ ಪಟ್ಟಿಯಿಂದ ಹೊರಗೆ ಉಳಿಯಕೂಡದು.