ಪಟದೊಳಗೆ ನಿಂತ ಭಂಗಿ

ಪ್ರಭುತ್ವದ ಪ್ರಚಾರ ಚಿತ್ರಗಳ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಪ್ರಗತಿಪರ ವಿಮರ್ಶೆ ಕೇಳುವುದು ಒಂದೇ ಪ್ರಶ್ನೆ: ಇದು ನಿಜವೋ, ಸುಳ್ಳೋ? ಸುಳ್ಳು ಎಂದು ತೋರಿಸಿಬಿಟ್ಟರೆ ಅದರ ಕೆಲಸ ಮುಗಿಯಿತು. ದಲಿತನಾಗಿ ಈ ಚಿತ್ರಗಳ ಮುಂದೆ ನಿಂತಾಗ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಈ ಪಟದೊಳಗೆ ನಮ್ಮನ್ನು ಎಲ್ಲಿ ನಿಲ್ಲಿಸಿದ್ದಾರೆ? ನಮ್ಮ ಕೈಯಲ್ಲಿ ಏನಿದೆ? ಸುಳ್ಳು ಒಂದಲ್ಲ ಒಂದು ದಿನ ಬಯಲಾಗುತ್ತದೆ. ನಿಲ್ಲಿಸಿದ ಭಂಗಿ ಮಾತ್ರ, ನಿಲ್ಲಿಸಿದ ಸರ್ಕಾರ ಬಿದ್ದುಹೋದ ಮೇಲೂ ಜನರ ಕಣ್ಣಲ್ಲಿ ಉಳಿದುಕೊಳ್ಳುತ್ತದೆ.

ನಾನು ಪಾಠ ಹೇಳುವ ಯಲಹಂಕದಲ್ಲಿ ಇದು ಪುಸ್ತಕದ ಪ್ರಶ್ನೆಯಲ್ಲ. ಇಲ್ಲಿನ ವಾಯುನೆಲೆ ಎರಡನೆಯ ಮಹಾಯುದ್ಧದ ಕಾಲದ್ದು. 1996ರಿಂದ ಅಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಾ ಬಂದಿದೆ. 2025ರ ಫೆಬ್ರವರಿಯಲ್ಲಿ ನಡೆದದ್ದು ಹದಿನೈದನೆಯದು. ವಿಮಾನಗಳ ಸದ್ದು ಬಂತೆಂದರೆ ಹುಡುಗರು ಬೆಂಚು ಬಿಟ್ಟು ಕಿಟಕಿಗೆ ಓಡ್ತಾರೆ. ಬೈಯೋದೇನು ಬಂತು, ನಾನೂ ನೋಡ್ತೀನಿ. ಯುದ್ಧವಿಲ್ಲದ ದಿನದಲ್ಲೂ ಯುದ್ಧವನ್ನು ಜಾತ್ರೆಯಂತೆ ಕಣ್ಣಿಗೆ ತುಂಬುವ ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1943ರಲ್ಲಿ ಬ್ರಿಟಿಷ್ ಸರ್ಕಾರ 'ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ' ಎಂಬ ಸಂಸ್ಥೆ ಕಟ್ಟಿತು. ಭಾರತ ರಕ್ಷಣಾ ನಿಯಮಗಳ ಬಲದಿಂದ, ಸರ್ಕಾರ ಒಪ್ಪಿದ ಚಿತ್ರಗಳನ್ನು ಟಾಕೀಸುಗಳು ತೋರಿಸಲೇಬೇಕು ಎಂದು ಕಟ್ಟಳೆ ಮಾಡಿತು. ಯುದ್ಧ ಮುಗಿದು, 1946ರಲ್ಲಿ ಆ ಸಂಸ್ಥೆ ಮುಚ್ಚಿತು. ಎರಡೇ ವರ್ಷಕ್ಕೆ, 1948ರಲ್ಲಿ, ಸ್ವತಂತ್ರ ಭಾರತದ ಫಿಲ್ಮ್ಸ್ ಡಿವಿಷನ್ ಹುಟ್ಟಿತು; ಟಾಕೀಸಿನ ಲೈಸೆನ್ಸಿನ ಷರತ್ತಾಗಿ ಅದೇ ಕಡ್ಡಾಯ ಮತ್ತೆ ಬಂತು. ಆಳುವವರು ಬದಲಾದರು. ನೋಡಲೇಬೇಕೆಂಬ ಆಜ್ಞೆ ಬದಲಾಗಲಿಲ್ಲ.

ಆದರೆ ಆಜ್ಞೆಯಿಂದಷ್ಟೇ ಚಿತ್ರ ಮನಸ್ಸಿಗೆ ಇಳಿಯುವುದಿಲ್ಲ. ಜನ ನೋಡಿ ಪಳಗಿದ ಪಟದ ಮೈಯೊಳಗೆ ಹೊಕ್ಕರೇನೇ ಪ್ರಭುತ್ವಕ್ಕೆ ಜಾಗ. ಜಪಾನಿನಲ್ಲಿ ಸೈಕಲ್ಲಿನ ಮೇಲೆ ಬಂದು, ಮಕ್ಕಳಿಗೆ ಮಿಠಾಯಿ ಮಾರುತ್ತಾ, ರಟ್ಟಿನ ಚಿತ್ರಗಳನ್ನು ಒಂದೊಂದಾಗಿ ಸರಿಸಿ ಕತೆ ಹೇಳುವವರಿದ್ದರು. ಕಾಮಿಶಿಬಾಯ್ ಎಂಬ ಆ ಬೀದಿಯ ಕಲೆ ಯುದ್ಧದ ವರ್ಷಗಳಲ್ಲಿ ಚಕ್ರವರ್ತಿಗಾಗಿ ಸಾಯುವ ಪಾಠ ಹೇಳಿತು. ಚೀನಾದ ರೈತರು ಹೊಸ ವರ್ಷಕ್ಕೆ ಬಾಗಿಲಿಗೆ, ಗೋಡೆಗೆ ದೇವರ ಪಟ ಅಂಟಿಸುತ್ತಿದ್ದರು. 1949ರ ನಂತರ ದೇವರಿದ್ದ ಜಾಗಕ್ಕೆ ಟ್ರ್ಯಾಕ್ಟರು, ತೆನೆ, ಕೆಂಪು ಕೆನ್ನೆಯ ರೈತರು ಬಂದರು. ಅಲ್ಲಿ ಬಡ ರೈತ ಪಟದ ನಟ್ಟನಡುವೆಯೇ ನಿಂತ, ಎದೆ ಸೆಟೆಸಿ ನಿಂತ. 1959ರಿಂದ 1961ರವರೆಗಿನ ಮಹಾಕ್ಷಾಮದಲ್ಲಿ ಸತ್ತವನೂ ಅವನೇ. 1970ರ ದಶಕದಲ್ಲಿ ಹೂಶಿಯನ್ ಎಂಬ ಕಡೆಯ 'ರೈತರೇ ಬಿಡಿಸಿದ ಚಿತ್ರಗಳು' ಲೋಕವೆಲ್ಲ ಸುತ್ತಿದವು. ಆ ರೈತರ ಕೈಗಳನ್ನು ತಿದ್ದಿ ಪಳಗಿಸಿದವರು ವೃತ್ತಿ ಕಲಾವಿದರು ಎನ್ನುವುದು ಆಮೇಲೆ ತಿಳಿಯಿತು. ಹಾಗಾಗಿ ಪಟದ ನಡುವೆ ಜಾಗ ಸಿಕ್ಕಿತು ಅಂತ ಹಿಗ್ಗುವಂತಿಲ್ಲ. ಯಾರ ಖರ್ಚಿನಲ್ಲಿ, ಯಾರ ಹತೋಟಿಯಲ್ಲಿ ಎನ್ನುವುದನ್ನೂ ಕೇಳಬೇಕು.

ನಮ್ಮಲ್ಲಿ ಹೀಗೆ ಹೊಕ್ಕಲು ಸಿಕ್ಕ ಮೈ ಕ್ಯಾಲೆಂಡರಿನದು. ಲಕ್ಷ್ಮಿ, ಸರಸ್ವತಿಯರ ಪಕ್ಕದ ಮೊಳೆಗೆ ನೆಹರೂ ಬಂದರು, ಇಂದಿರಾ ಬಂದರು. 1965ರ ಯುದ್ಧದ ವರ್ಷ ಶಾಸ್ತ್ರಿಯವರು 'ಜೈ ಜವಾನ್ ಜೈ ಕಿಸಾನ್' ಎಂದರು. ಆ ಘೋಷಣೆಯೂ ಪಟವಾಯಿತು. ಜವಾನನ ಕೈಯಲ್ಲಿ ಬಂದೂಕು, ಕಿಸಾನನ ಕೈಯಲ್ಲಿ ನೇಗಿಲು. ಚೆನ್ನಾಗಿದೆ. ಆದರೆ ನೇಗಿಲು ಹಿಡಿದವನು ಹೊಲದ ಒಡೆಯನಾಗಿ ನಿಂತಿದ್ದಾನೆ. ಹೊಲವಿಲ್ಲದೆ ಉತ್ತವನು, ನಾಟಿ ಹಾಕಿದವಳು, ಸತ್ತ ಎತ್ತನ್ನು ಹೊತ್ತವನು ಪಟದ ಚೌಕಟ್ಟಿನಿಂದ ಆಚೆ. ಅವನು ಒಳಗೆ ಬಂದದ್ದು 'ಫಲಾನುಭವಿ'ಯಾಗಿ: ಮಂತ್ರಿ ಕೊಡುತ್ತಿರುವ ಹಕ್ಕುಪತ್ರ, ಸೀರೆ, ಹೊಲಿಗೆ ಯಂತ್ರದ ಮುಂದೆ ತುಸು ಬಾಗಿ, ಅಂಗೈ ಮೇಲೆ ಮಾಡಿ. ಇಂಥ ನಾಲ್ಕಾರು ಫೋಟೋಗಳನ್ನು ತರಗತಿಯಲ್ಲಿ ಹಂಚಿ, ಇದರಲ್ಲಿ ನಿಮ್ಮ ಮನೆಯವರು ಯಾರು ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಮುಖ ಕಾಣ್ತಿಲ್ವಲ್ಲ, ಬೆನ್ನು ಮಾಡಿ ನಿಂತವ್ರೆ, ಅವ್ರು" ಅಂದಳು. ನನ್ನ ಎರಡು ಪುಟದ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ. ಕೊಡುವವನ ಮುಖ ಕ್ಯಾಮೆರಾಕ್ಕೆ, ಪಡೆಯುವವನ ಬೆನ್ನು ನಮಗೆ.

ಹಾಗೆಂದು ಪ್ರಚಾರವೆಲ್ಲ ಸುಳ್ಳೆಂದು ತಳ್ಳಿಹಾಕುವ ಅನುಕೂಲವೂ ನಮಗಿಲ್ಲ. 1975ರ ಜೂನ್ 25ರ ತುರ್ತು ಪರಿಸ್ಥಿತಿಯನ್ನೇ ನೋಡಿ. 'ಸಂಸ್ಕಾರ' ಸಿನಿಮಾದ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕ ನಾಲ್ಕು ಮುಖಗಳು ಗೋಡೆಯ ಮೇಲೆ ನಗುತ್ತಿದ್ದಾಗ, 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳಾದವು. ಉತ್ತರ ಭಾರತದಲ್ಲಿ ಅದರ ಬಲವಂತದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಬಡವರ ಮೇಲೆ. ಇದೆಲ್ಲ ನಿಜ. ಅದೇ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಭಿತ್ತಿಪತ್ರದಲ್ಲಿ ಜೀತ ವಿಮುಕ್ತಿ ಎಂಬ ಮಾತಿತ್ತು, 1976ರಲ್ಲಿ ಅದು ಕಾಯಿದೆಯಾಯಿತು ಎನ್ನುವುದೂ ನಿಜ. ಪತ್ರಿಕೆಯ ಬಾಯಿ ಮುಚ್ಚಿಸಿದ ಸರ್ಕಾರವೇ ಜೀತದಾಳಿನ ಸಂಕಟಕ್ಕೆ ಒಂದು ಹೆಸರು ಕೊಟ್ಟಿತು. ಪ್ರಜಾಪ್ರಭುತ್ವ ಸತ್ತಿತೆಂದು ಅಳುವ ವಿಮರ್ಶೆ, ಅದು ಯಾರ ಕೇರಿಗೆ ಆವರೆಗೆ ಬಂದೇ ಇರಲಿಲ್ಲ ಎನ್ನುವುದನ್ನೂ ಹೇಳಬೇಕು. ಕೇರಿಗೆ ಬಂದದ್ದನ್ನು ಹಕ್ಕು ಎಂದು ತೋರಿಸದೆ ಅಮ್ಮನ ದಯೆ ಎಂದು ತೋರಿಸಿದ್ದೇ ಆ ಭಿತ್ತಿಪತ್ರದ ಹುನ್ನಾರ.

ಈ ಭಂಗಿಯನ್ನು ಮುರಿಯುವ ಕೆಲಸ ಎಲ್ಲಿಂದ ಶುರುವಾಗಬೇಕು ಎನ್ನುವುದು, ಮುಂದೆ ಯಲಹಂಕ ಕ್ಷೇತ್ರವನ್ನು ಪ್ರತಿನಿಧಿಸಿದ ಬಿ. ಬಸವಲಿಂಗಪ್ಪನವರಿಗೆ ಗೊತ್ತಿತ್ತು. 1973ರ ಬೂಸಾ ಗಲಾಟೆಯನ್ನು ಎಲ್ಲರೂ ನೆನೆಯುತ್ತಾರೆ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ, ದೇವರ ಪಟಗಳನ್ನು ಮನೆಯಿಂದಾಚೆ ಎಸೆಯಿರಿ ಎಂದು ದಲಿತರಿಗೆ ಹೇಳಿದ್ದನ್ನು ಮಾತ್ರ ನಮ್ಮ ವಿಮರ್ಶೆ ಬರಿಯ ನಾಸ್ತಿಕವಾದ ಎಂದುಕೊಂಡಿತು. ನನಗದು ಗೋಡೆಯ ರಾಜಕಾರಣವಾಗಿ ಕಾಣುತ್ತದೆ. ಮೊಳೆ ಖಾಲಿಯಾಗದೆ ಬೇರೆ ಪಟ ಬರುವುದು ಹೇಗೆ?

ಬಂತು. ನೀಲಿ ಕೋಟು, ಎಡಗೈಯಲ್ಲಿ ಸಂವಿಧಾನ, ಮುಂದಕ್ಕೆ ಚಾಚಿದ ಬಲಗೈಯ ತೋರುಬೆರಳು. ಆಧುನಿಕ ಶಿಲ್ಪದ ಪಂಡಿತರು ಈ ಸಿಮೆಂಟಿನ ಅಂಬೇಡ್ಕರರನ್ನು ಒರಟು ಎನ್ನುತ್ತಾರೆ; ಅನ್ನಲಿ. ಅಂಗೈ ಮೇಲೆ ಮಾಡಿ ನಿಂತಿದ್ದ ಕೈ ಇಲ್ಲಿ ಮಗುಚಿಕೊಂಡು ದಾರಿ ತೋರಿಸುತ್ತಿದೆ. ಕೇರಿಯ ಜನ ಕೂಲಿಯ ದುಡ್ಡಿನಲ್ಲಿ ಚಂದಾ ಎತ್ತಿ, ತಾವೇ ಭಂಗಿ ಆರಿಸಿ ನಿಲ್ಲಿಸಿಕೊಂಡ ಪ್ರತಿಮೆ ಇದು. ಇದರ ಅರ್ಥ ಅತ್ತ ಕಡೆಯವರಿಗೆ ನಮ್ಮ ವಿಮರ್ಶಕರಿಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದಕ್ಕೇ 2024ರ ಜನವರಿಯಲ್ಲಿ ಕಲಬುರಗಿಯ ಕೋಟನೂರಿನಲ್ಲಿ ಪ್ರತಿಮೆಗೆ ಚಪ್ಪಲಿ ಹಾರ ಬಿತ್ತು.

ಈಗ ಪ್ರಭುತ್ವ ಈ ಮೈಯೊಳಗೂ ಹೊಕ್ಕುತ್ತಿದೆ. 2023ರ ಏಪ್ರಿಲ್ 14ರಂದು ಹೈದರಾಬಾದಿನಲ್ಲಿ ಸರ್ಕಾರ 125 ಅಡಿಯ ಅಂಬೇಡ್ಕರರನ್ನು ನಿಲ್ಲಿಸಿತು. ಹೆಬ್ಬಾಳದಿಂದ ಆರ್.ಟಿ. ನಗರದವರೆಗೆ ಜಯಂತಿಯ ಫ್ಲೆಕ್ಸುಗಳಲ್ಲಿ ಬಾಬಾಸಾಹೇಬರು ಮೂಲೆಗೆ ಸರಿದು, ಕೈಮುಗಿದ ಮುಖಂಡರು ನಡುವೆ ಬಂದಿದ್ದಾರೆ. ದೊಡ್ಡದಾದದ್ದು ಬೇಡ ಎನ್ನುತ್ತಿಲ್ಲ. ಯುಗಯುಗ ಬಾಗಿದ ಜನ ತಮ್ಮವನನ್ನು ಎತ್ತರದಲ್ಲಿ ಕಾಣಬಯಸುವುದು ಸಹಜ. ಆದರೆ ಕೇರಿಯ ಪ್ರತಿಮೆಯ ಬೆರಳು ಎತ್ತ ತೋರಿಸುತ್ತದೆಂದು ಮಗುವೂ ನೋಡಬಲ್ಲದು. 125 ಅಡಿಯ ಕೆಳಗೆ ನಿಂತವನಿಗೆ ಬೆರಳು ಕಾಣುವುದಿಲ್ಲ, ಪಾದ ಕಾಣುತ್ತದೆ. ಪಾದ ಕಂಡಾಗ ನಮ್ಮ ಕೈ ತಂತಾನೇ ಹಳೆಯ ಭಂಗಿಗೆ ಹೋಗುತ್ತದೆ. ದಲಿತ ವಿಮರ್ಶೆ ಕಾಯಬೇಕಾದದ್ದು ಆ ಗಳಿಗೆಯನ್ನು.