ಸ್ಟಾಂಚ್ ಅಂದ್ರೆ ಕಟ್ಟಾ ಅಲ್ಲ

ಕಳೆದ ಸಲದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ನನ್ನನ್ನು 'ಸ್ಟಾಂಚ್ ಟೀಮ್ ಪ್ಲೇಯರ್' ಅಂತ ಹೊಗಳಿದ್ದರು. ಯುಗಾದಿ ದಿನವೂ ರಿಲೀಸ್‌ಗೆ ಕೂತಿದ್ದೆನಲ್ಲ, ಅದಕ್ಕೆ. ಊರಲ್ಲಿ ಅವ್ವ ಒಬ್ಬಟ್ಟು ಎತ್ತಿಟ್ಟುಕೊಂಡು ಕಾಯ್ತಿದ್ದಳು. ನಾನು ಕೂತಿದ್ದು ನಿಷ್ಠೆಗಲ್ಲ, ಮನೆ ಸಾಲದ ಕಂತಿಗೆ.

ಈ ಪದವನ್ನು ನಾವು 'ಕಟ್ಟಾ' ಅಂತ ಕನ್ನಡಕ್ಕೆ ತರ್ತೀವಿ. ಕಟ್ಟಾ ಬೆಂಬಲಿಗ, ಕಟ್ಟಾ ಅಭಿಮಾನಿ. ಇದರ ಬಗ್ಗೆ ನನ್ನ ತಕರಾರಿದೆ. ಕಟ್ಟಾಳು, ಕಟ್ಟಾಸೆ, ಕಟ್ಟಾಣೆ, ಇವುಗಳ ಒಳಗಿರೋದು 'ಕಡು', ಅಂದ್ರೆ ತೀವ್ರತೆ. ಕಟೌಟ್‌ಗೆ ಹಾಲು ಸುರಿಯೋನು ಖಂಡಿತ ಕಟ್ಟಾ. ಸ್ಟಾಂಚ್ ಬಂದದ್ದು ಹಳೆಯ ಫ್ರೆಂಚಿನಿಂದ. ಅದರ ಹಳೆಯ ಅರ್ಥ ನೀರು ಸೋರದ್ದು. ಹಡಗಿಗೆ ಹೇಳ್ತಿದ್ದ ಮಾತು. ಗಾಯದ ರಕ್ತ ನಿಲ್ಲಿಸೋದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಅಲ್ಲಿ ಅಬ್ಬರ ಇಲ್ಲ. ಸೋರಲ್ಲ, ಅಷ್ಟೆ.

ಹಾಗಂತ ನಿಷ್ಠೆಗೆ ನಮ್ಮಲ್ಲಿ ಪದಗಳೇನೂ ಕಮ್ಮಿಯಿಲ್ಲ. ಹಳಗನ್ನಡದ 'ಜೋಳವಾಳಿ' ಇದೆ, ತಿಂದ ಅನ್ನದ ಋಣ. 'ಲೆಂಕ' ಇದ್ದಾನೆ, ಒಡೆಯನ ಜೊತೆಗೇ ಸಾಯ್ತೀನಿ ಅಂತ ಭಾಷೆ ಕೊಟ್ಟವನು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರ ಕುವರ ಲಕ್ಷ್ಮನ ಕಂಬ ನೋಡಿ: 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಹೆಂಡತಿ, ಸಂಗಡಿಗರ ಸಮೇತ ಪ್ರಾಣ ಕೊಟ್ಟವನು. ತಮ್ಮ ತಲೆ ತಾವೇ ಕಡಿದುಕೊಳ್ಳೋ ವೀರರನ್ನು ಅದರ ಮೇಲೆ ಕೆತ್ತಿದ್ದಾರೆ. ವೀಕೆಂಡ್ ಟ್ರಿಪ್‌ನಲ್ಲಿ ಎಲ್ಲರೂ ಫೋಟೊ ತೆಗೆದರು. ನನಗೆ ಹೆಮ್ಮೆಗಿಂತ ಹೆದರಿಕೆ ಜಾಸ್ತಿ ಆಯ್ತು. ಒಡೆಯ ಇಲ್ಲದ ಮೇಲೆ ಆಳಿಗೆ ಬದುಕೇ ಇರಬಾರದಾ?

ನಮ್ಮ ಮ್ಯಾನೇಜರಿಗೆ ಬೇಕಿದ್ದ ಪದ ಜೋಳವಾಳಿ. ನನಗೂ ಅದೇ ಸರಿ. ತಿಂಗಳ ಕೊನೆಗೆ ಸಂಬಳ ಬಂದರೆ ಲೆಕ್ಕ ಚುಕ್ತಾ.

ಸ್ಟಾಂಚ್ ಅನ್ನೋದಾದರೆ ನಮ್ಮ ಟೀಮಿನ ಇನ್ನೊಬ್ಬಳಿಗೆ ಅನ್ನಬೇಕು. ಒಂದು ರಾತ್ರಿ ನಾನು ನಿದ್ದೆಗಣ್ಣಲ್ಲಿ ಟೆಸ್ಟಿನ ಸ್ಕ್ರಿಪ್ಟನ್ನು ಪ್ರೊಡಕ್ಷನ್ ಮೇಲೆ ಓಡಿಸಿಬಿಟ್ಟೆ. ಬೆಳಗಿನವರೆಗೆ ಇಬ್ಬರೂ ಕೂತು ಡೇಟಾ ವಾಪಸ್ ತಂದೆವು. ಕ್ಲೈಂಟ್ ಕಾಲ್‌ನಲ್ಲಿ 'ಯಾರು ಮಾಡಿದ್ದು?' ಅಂತ ಮೂರು ಸಲ ಕೇಳಿದರು. ನನ್ನ ಬಾಯಿ ಒಣಗಿತ್ತು. ಅವಳು ಮೂರು ಸಲವೂ 'ಟೀಮಿನ ತಪ್ಪು, ಸರಿ ಮಾಡಿದ್ದೀವಿ' ಅಂದಳು. ಹೆಸರು ಸೋರಲಿಲ್ಲ.

ಅವಳ ಅಪ್ರೈಸಲ್‌ನಲ್ಲಿ 'ಮೀಟಿಂಗ್‌ಗಳಲ್ಲಿ ಇನ್ನಷ್ಟು ಮಾತಾಡಬೇಕು' ಅಂತ ಇತ್ತಂತೆ.